ಅರೆತಲೆನೋವು, ಬಾರದ ನಿದ್ರೆ ಮತ್ತು ಸತ್ಯವಿಶ್ವಾಸಿ



ಕೈ ಮುರಿದವನ ಪಟ್ಟಿ ಎಲ್ಲರಿಗೂ ಕಾಣುತ್ತದೆ. ಜ್ವರ ಬಂದವನ ಮೈ ಮುಟ್ಟಿದರೆ ತಿಳಿಯುತ್ತದೆ. ತಲೆ ಒಡೆದುಹೋಗುವಂತೆ ನೋಯುತ್ತಿರುವವನ ಮುಖದಲ್ಲಿ ಮಾತ್ರ ನೋಡುವವರಿಗೆ ಏನೂ ಕಾಣುವುದಿಲ್ಲ. ರಾತ್ರಿಯೆಲ್ಲ ಕಣ್ಣು ಮುಚ್ಚದೆ ಕಳೆದವಳು ಬೆಳಿಗ್ಗೆ ಎಲ್ಲರಂತೆಯೇ ರೊಟ್ಟಿ ಬಡಿಯಲು ಕೂರಬೇಕಾಗುತ್ತದೆ. ಆದ್ದರಿಂದಲೇ ಈ ಎರಡು ಕಾಯಿಲೆಗಳಲ್ಲಿ ನೋವಿನ ಜೊತೆಗೆ ಅಪವಾದವನ್ನೂ ಸಹಿಸಬೇಕಾಗುತ್ತದೆ. ಸೋಮಾರಿ, ನಾಟಕ, ಈಮಾನ್ ಕಡಿಮೆ, ಯಾವುದೋ ಗಾಳಿ ಸೋಕಿದೆ ಎಂದು ಜನರು ಏನೇನೋ ಹೇಳುತ್ತಾರೆ.

ಹೇಳುವವರ ಸಾಲಿನಲ್ಲಿ ನಾನೂ ಒಮ್ಮೆ ನಿಂತಿದ್ದೆ. ಕೆಲವು ವರ್ಷಗಳ ಹಿಂದೆ ಬಬಲೇಶ್ವರದ ಕಡೆಯ ಹುಡುಗನೊಬ್ಬ ನನ್ನ ತರಗತಿಯಲ್ಲಿ ಆಗಾಗ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದನು. ಒಂದು ದಿನ ಎಲ್ಲರೆದುರು ಅವನನ್ನು ಎಬ್ಬಿಸಿ, ರಾತ್ರಿಯಿಡೀ ಮೊಬೈಲ್ ನೋಡಿ ಹಗಲು ಕುರ್‌ಆನಿನ ಮುಂದೆ ನಿದ್ರಿಸುತ್ತೀಯಾ ಎಂದು ಗದರಿದೆ. ಅವನು ಎದ್ದು ನಿಂತು, "ಹಜ್ರತ್, ಬೆಳಕು ಕಣ್ಣಿಗೆ ಚುಚ್ಚಾಕತ್ತೇದ್ರಿ" ಎಂದನು. ಮರುಕ್ಷಣ ಅಲ್ಲಿಯೇ ವಾಂತಿ ಮಾಡಿಕೊಂಡನು. ಅವನಿಗೆ ಮೈಗ್ರೇನ್ ಇದೆಯೆಂದು ಮುಂದೆ ವೈದ್ಯರಿಂದ ತಿಳಿಯಿತು. ಅವನ ತಾಯಿಗೂ ಅದೇ ಇತ್ತಂತೆ. ಆ ತಾಯಿಯನ್ನು ಹದಿನೈದು ವರ್ಷ ಯಾರೂ ವೈದ್ಯರ ಬಳಿ ಕರೆದೊಯ್ದಿರಲಿಲ್ಲ.

ನಾವು ಅರೆತಲೆನೋವು ಎನ್ನುತ್ತೇವೆ. ಹಳೆಯ ವೈದ್ಯರು ಅರ್ಧಾವಭೇದಕ ಎಂದರು. ಮೈಗ್ರೇನ್ ಎಂಬ ಪದದ ಮೂಲದಲ್ಲಿರುವ ಗ್ರೀಕ್ ಶಬ್ದಕ್ಕೂ ಅರ್ಧ ತಲೆಬುರುಡೆ ಎಂದೇ ಅರ್ಥ. ಅರಬಿಯಲ್ಲಿ ಇದಕ್ಕೆ 'ಶಕೀಕಾ' ಎಂಬ ಹೆಸರಿದೆ. ಇದೂ ಸೀಳು, ಅರ್ಧ ಎಂಬ ಧಾತುವಿನಿಂದಲೇ ಬಂದುದು. ಈ ಶಕೀಕಾ ಎಂಬ ಪದ ಹದೀಸಿನಲ್ಲಿಯೇ ಇದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಪ್ರವಾದಿವರ್ಯರು(ಸ) ಇಹ್ರಾಮಿನಲ್ಲಿದ್ದಾಗ ಶಕೀಕಾದ ನೋವಿಗಾಗಿ ತಲೆಗೆ ಹಿಜಾಮ ಮಾಡಿಸಿಕೊಂಡರೆಂದು ಹ. ಇಬ್ನು ಅಬ್ಬಾಸ್(ರ) ವರದಿ ಮಾಡಿದ್ದಾರೆ (ಬುಖಾರಿ). ಅಲ್ಲಾಹನ ಸಂದೇಶವಾಹಕರಿಗೂ ಈ ನೋವು ಬಂದಿತ್ತು. ಹಾಗಿರುವಾಗ ಇದನ್ನು ಈಮಾನಿನ ಕೊರತೆಯೆನ್ನಲು ಯಾರಿಗೆ ಬಾಯಿ ಬಂದೀತು? ಇನ್ನೊಂದು ಮಾತು, ಅವರು ಚಿಕಿತ್ಸೆಯನ್ನು ಮುಂದೂಡಲಿಲ್ಲ. ಇಹ್ರಾಮ್ ಮುಗಿಯಲಿ, ಊರು ತಲುಪಲಿ ಎಂದು ಕಾಯಲಿಲ್ಲ. ಅಂದು ಲಭ್ಯವಿದ್ದ ಚಿಕಿತ್ಸೆಯನ್ನು ಅಲ್ಲಿಯೇ ಮಾಡಿಸಿಕೊಂಡರು. (ಈ ಹದೀಸನ್ನು ಹಿಡಿದು ಶುಚಿಯಿಲ್ಲದ ಬ್ಲೇಡಿನಲ್ಲಿ ಹಿಜಾಮ ಮಾಡುವವರ ಮುಂದೆ ತಲೆಯೊಡ್ಡಬೇಡಿ. ಆ ಸೂಜಿ, ಬ್ಲೇಡುಗಳಿಂದ ಬರುವ ರೋಗಗಳು ಅರೆತಲೆನೋವಿಗಿಂತ ಘೋರವಾದವು.)

ನೋವನ್ನು ಬಾಯಿಬಿಟ್ಟು ಹೇಳುವುದು ಸಹನೆಗೆ ವಿರುದ್ಧವೆಂಬ ಭಾವನೆಯೂ ನಮ್ಮ ಹೆಣ್ಣುಮಕ್ಕಳಲ್ಲಿದೆ. ಒಮ್ಮೆ ಹ. ಆಯಿಶಾ(ರ) ತಲೆನೋವಿನಿಂದ ಅಯ್ಯೋ ನನ್ನ ತಲೆಯೇ ಎಂದು ನರಳಿದಾಗ ಪ್ರವಾದಿವರ್ಯರು(ಸ) ಅವರನ್ನು ತಡೆಯಲಿಲ್ಲ. ತಮ್ಮ ತಲೆಯೂ ಹಾಗೆಯೇ ನೋಯುತ್ತಿದೆಯೆಂದರು. ರೋಗಿಯು ತನ್ನ ನೋವನ್ನು ಹೇಳಿಕೊಳ್ಳಬಹುದು ಎಂಬುದಕ್ಕೇ ಇಮಾಮ್ ಬುಖಾರಿ(ರ) ಒಂದು ಅಧ್ಯಾಯವನ್ನು ಮೀಸಲಿಟ್ಟು ಈ ಹದೀಸನ್ನು ಅಲ್ಲಿ ಸೇರಿಸಿದ್ದಾರೆ.

ಈ ಕಾಯಿಲೆ ಅಪರೂಪದ್ದೂ ಅಲ್ಲ. ಬೆಂಗಳೂರು ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನ ತಜ್ಞರು 18ರಿಂದ 65 ವರ್ಷದೊಳಗಿನ 2,329 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ ವರ್ಷವೊಂದರಲ್ಲಿ ನೂರಕ್ಕೆ 25ರಷ್ಟು ಜನರು ಮೈಗ್ರೇನಿನಿಂದ ಬಳಲಿದ್ದರು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಅಂದರೆ ನಾಲ್ಕು ಜನರಿರುವ ಮನೆಯಲ್ಲಿ ಒಬ್ಬರಿಗೆ ಇರಬಹುದು. ಅದು ಆ ಮನೆಯ ಸೊಸೆಯಾಗಿರುವ ಸಾಧ್ಯತೆಯೇ ಹೆಚ್ಚು.

ಗುರುತಿಸುವುದು ಹೇಗೆ? ಸಾಮಾನ್ಯವಾಗಿ ತಲೆಯ ಒಂದು ಪಕ್ಕ ನಾಡಿಯಂತೆ ಬಡಿಯುತ್ತದೆ. ಓಡಾಡಿದರೆ, ಬಗ್ಗಿದರೆ ಹೆಚ್ಚುತ್ತದೆ. ಓಕರಿಕೆ ಬರುತ್ತದೆ. ಬೆಳಕು ಮತ್ತು ಸದ್ದು ಸಹಿಸಲಾಗುವುದಿಲ್ಲ. ಗೋಲ ಗುಂಬಜಿನ ಮೇಲಂತಸ್ತಿನಲ್ಲಿ ಒಂದು ಚಪ್ಪಾಳೆ ಮತ್ತೆ ಮತ್ತೆ ಮರುದನಿಸುವುದನ್ನು ನೀವು ಕೇಳಿದ್ದೀರಿ. ಅಡುಗೆಮನೆಯಲ್ಲಿ ಬಿದ್ದ ತಟ್ಟೆಯ ಸದ್ದು ಈ ರೋಗಿಯ ತಲೆಯಲ್ಲಿ ಹಾಗೆ ಕೇಳಿಸುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ದೊಡ್ಡವರಲ್ಲಿ ನಾಲ್ಕು ತಾಸಿನಿಂದ ಮೂರು ದಿನಗಳವರೆಗೆ ಇರುತ್ತದೆ. ಮಕ್ಕಳಲ್ಲಿ ಬೇಗ ಇಳಿಯುವುದುಂಟು. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕಾದ ಮಿಂಚಿನ ಗೆರೆಗಳು ಕಾಣುತ್ತವೆ. ಇದನ್ನೇ ಕಂಡು ಜಿನ್ನಿನ ಚೇಷ್ಟೆಯೆಂದು ತಾವೀಜಿಗೆ ಸಾವಿರಾರು ರೂಪಾಯಿ ಸುರಿದ ಕುಟುಂಬಗಳನ್ನು ನಾನು ಬಲ್ಲೆ. ಅದು ಮೆದುಳಿನ ನರಗಳಲ್ಲಿ ಹರಿದುಹೋಗುವ ಒಂದು ಅಲೆಯ ಪರಿಣಾಮವೆಂದು ವೈದ್ಯಶಾಸ್ತ್ರ ಹೇಳುತ್ತದೆ. ದುಆ ಮಾಡಬಾರದೆಂದು ಇದರ ಅರ್ಥವಲ್ಲ. ನೋವಿರುವ ಜಾಗದಲ್ಲಿ ಕೈಯಿಟ್ಟು ಮೂರು ಬಾರಿ ಬಿಸ್ಮಿಲ್ಲಾಹ್ ಹೇಳಿ, ಏಳು ಬಾರಿ ಅಲ್ಲಾಹನ ಅಭಯ ಯಾಚಿಸಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ (ಮುಸ್ಲಿಮ್). ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ, ಆಮಿಲನ ಮಧ್ಯಸ್ಥಿಕೆಯೂ ಬೇಕಿಲ್ಲ. ಚಿಕಿತ್ಸೆ ಮಾಡಿಸಿರಿ, ಮುಪ್ಪಿನ ಹೊರತು ಅಲ್ಲಾಹನು ಮದ್ದಿಲ್ಲದ ರೋಗವನ್ನಿಟ್ಟಿಲ್ಲ ಎಂದು ಕಲಿಸಿದವರೂ ಅವರೇ (ಅಬೂದಾವೂದ್).

ನೋವನ್ನು ಕೆರಳಿಸುವ ಕಾರಣಗಳು ಒಬ್ಬೊಬ್ಬರಿಗೆ ಒಂದೊಂದು. ಹೊತ್ತಿಗೆ ಉಣ್ಣದಿರುವುದು, ನೀರು ಕುಡಿಯದಿರುವುದು, ಮುಟ್ಟಿನ ದಿನಗಳು, ನಮ್ಮ ಏಪ್ರಿಲ್-ಮೇ ತಿಂಗಳ ಬಿಸಿಲು, ಗಾಢವಾದ ವಾಸನೆ ಇವೆಲ್ಲ ಕಾರಣವಾಗಬಹುದು. ತಿಕೋಟಾದ ಕಡೆ ಒಣದ್ರಾಕ್ಷಿಯ ಶೆಡ್‌ಗಳಲ್ಲಿ ದುಡಿಯುವವರಿಗೆ ಗಂಧಕದ ಹೊಗೆ ತಲೆಗೇರುವುದುಂಟು. ನಮ್ಮ ಮಸೀದಿಯ ಅತ್ತರು, ಮನೆಯ ಲೋಬಾನವೂ ಕೆಲವರಿಗೆ ಸಾಕು. ಪಕ್ಕದಲ್ಲಿ ನಿಂತವನು ಸಫ್ ಬಿಟ್ಟು ದೂರ ಸರಿದರೆ ಅಪಾರ್ಥ ಮಾಡಿಕೊಳ್ಳಬೇಡಿ. ಇವೆಲ್ಲಕ್ಕಿಂತ ಮುಖ್ಯವಾದುದು ನಿದ್ರೆ. ನಿದ್ರೆ ಕೆಟ್ಟರೆ ತಲೆನೋವು, ತಲೆನೋವಿನಿಂದ ಮತ್ತೆ ನಿದ್ರೆ ಕೆಡುತ್ತದೆ. ರಾತ್ರಿ ಕರೆಂಟ್ ಬಂದಾಗ ತೋಟಕ್ಕೆ ನೀರು ಬಿಡಲು ಎದ್ದುಹೋಗುವ ರೈತನೂ, ಹಸುಗೂಸಿನ ತಾಯಿಯೂ ಈ ಚಕ್ರದಲ್ಲಿ ಸಿಲುಕಿರುತ್ತಾರೆ.

ನಿದ್ರೆಯನ್ನು ಪವಿತ್ರ ಕುರ್‌ಆನ್ ಅಲ್ಲಾಹನ ದೃಷ್ಟಾಂತಗಳಲ್ಲಿ ಎಣಿಸಿದೆ (ಅರ್ರೂಮ್: 23). ಅದನ್ನು ವಿಶ್ರಾಂತಿಯಾಗಿಯೂ ರಾತ್ರಿಯನ್ನು ಹೊದಿಕೆಯಾಗಿಯೂ ಮಾಡಲಾಗಿದೆಯೆಂದು ಅನ್ನಬಅ್ ಅಧ್ಯಾಯದಲ್ಲಿದೆ. ಹೀಗಿದ್ದೂ ನಮ್ಮ ಧಾರ್ಮಿಕ ಮಾತುಗಳಲ್ಲಿ ನಿದ್ರೆಗೆ ಕೆಟ್ಟ ಹೆಸರೇ ಹೆಚ್ಚು. ಹ. ಸಲ್ಮಾನ್(ರ) ಅವರು ಹ. ಅಬುದ್ದರ್ದಾ(ರ) ಅವರ ಮನೆಗೆ ಅತಿಥಿಯಾಗಿ ಹೋದಾಗ ನಡೆದುದನ್ನು ನೋಡಿ. ಆತಿಥೇಯರು ರಾತ್ರಿಯ ಆರಂಭದಲ್ಲಿಯೇ ನಮಾಝಿಗೆ ಎದ್ದರು. ಸಲ್ಮಾನ್(ರ) ಮಲಗಿರೆಂದರು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದರು, ಮತ್ತೆ ಮಲಗಿಸಿದರು. ರಾತ್ರಿಯ ಕೊನೆಯ ಭಾಗದಲ್ಲಿ ಇಬ್ಬರೂ ಎದ್ದು ನಮಾಝ್ ಮಾಡಿದರು. ಒಡೆಯನಿಗೆ, ದೇಹಕ್ಕೆ, ಮನೆಯವರಿಗೆ ಎಲ್ಲರಿಗೂ ಹಕ್ಕಿದೆಯೆಂದು ಸಲ್ಮಾನ್(ರ) ವಿವರಿಸಿದರು. ವಿಷಯ ಪ್ರವಾದಿವರ್ಯರ(ಸ) ಬಳಿಗೆ ಹೋದಾಗ ಅವರು ಸಲ್ಮಾನ್ ಹೇಳಿದ್ದೇ ಸರಿಯೆಂದರು (ಬುಖಾರಿ). ಮಸೀದಿಯ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ, ದಣಿದಾಗ ಅದನ್ನು ಹಿಡಿದು ನಮಾಝಿಗೆ ನಿಲ್ಲುತ್ತಿದ್ದ ಹ. ಝೈನಬ್(ರ) ಅವರ ಹಗ್ಗವನ್ನು ಬಿಚ್ಚಿಸಿದವರೂ ಅವರೇ.

ಈಗ ನಿದ್ರೆ ಬಾರದವರು ಮಾಡಬೇಕಾದುದೇನು? ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗಾದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಅಭ್ಯಾಸಗಳ ತಿದ್ದುಪಡಿ. ಮಲಗುವ ಹೊತ್ತಿಗಿಂತ ಏಳುವ ಹೊತ್ತು ಮುಖ್ಯ. ರಾತ್ರಿ ಹೇಗೇ ಕಳೆದಿರಲಿ, ದಿನವೂ ಒಂದೇ ಹೊತ್ತಿಗೆ ಏಳಬೇಕು. ಫಜ್ರ್ ನಮಾಝ್ ನಮಗೆ ಆ ಗೂಟವನ್ನು ನೆಟ್ಟೇ ಕೊಟ್ಟಿದೆ. ಇಶಾದ ನಂತರದ ಹರಟೆಯನ್ನು ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ (ಬುಖಾರಿ). ಇಂದಿನ ಹರಟೆ ಕೈಯಲ್ಲಿರುವ ಮೊಬೈಲಿನಲ್ಲಿದೆ, ಅದನ್ನು ಹಾಸಿಗೆಯಿಂದ ದೂರವಿಡಿ. ಚಹಾದ ಅರ್ಧ ಶಕ್ತಿ ಐದಾರು ತಾಸಿನ ನಂತರವೂ ರಕ್ತದಲ್ಲಿರುತ್ತದೆ, ಆದ್ದರಿಂದ ಅಸರ್ ನಂತರ ಬೇಡ. ಇಪ್ಪತ್ತು ನಿಮಿಷ ಹೊರಳಾಡಿಯೂ ನಿದ್ರೆ ಬಾರದಿದ್ದರೆ ಎದ್ದು ಬೇರೆಡೆ ಕುಳಿತು, ಮಂದ ಬೆಳಕಿನಲ್ಲಿ ಝಿಕ್ರ್ ಮಾಡಿ, ತೂಕಡಿಕೆ ಬಂದ ಮೇಲೆ ಹಾಸಿಗೆಗೆ ಮರಳಿರಿ. ಹಾಸಿಗೆಯೊಂದಿಗೆ ಹೋರಾಟ ಬೇಡ. ಕೈಲೂಲಾ ಸುನ್ನತ್ ನಿಜ, ಆದರೆ ರಾತ್ರಿ ನಿದ್ರೆಯಿಲ್ಲದವರು ಅದನ್ನು ಇಪ್ಪತ್ತು-ಮೂವತ್ತು ನಿಮಿಷಕ್ಕೆ ಮುಗಿಸುವುದು ಒಳ್ಳೆಯದು. ಬೀಸುಕಲ್ಲಿನಿಂದ ಕೈ ನೊಂದು ಸೇವಕರನ್ನು ಕೇಳಿದ ಹ. ಫಾತಿಮಾ(ರ) ಅವರಿಗೆ ಮಲಗುವಾಗ ಹೇಳಲು ಕಲಿಸಿದ ಸುಬ್‌ಹಾನಲ್ಲಾಹ್, ಅಲ್‌ಹಮ್ದುಲಿಲ್ಲಾಹ್, ಅಲ್ಲಾಹು ಅಕ್ಬರ್ ಎಂಬ ಝಿಕ್ರ್ ದಣಿದ ಗೃಹಿಣಿಯರಿಗೆಂದೇ ಬಂದಂತಿದೆ.

ಅಂಗಡಿಯಿಂದ ತಾವೇ ತರಿಸಿಕೊಂಡ ನಿದ್ರೆ ಮಾತ್ರೆ ಅಭ್ಯಾಸವಾಗಿಬಿಡುತ್ತದೆ. ಈಗಾಗಲೇ ಅಭ್ಯಾಸವಾಗಿದ್ದರೆ ಒಮ್ಮೆಲೇ ಬಿಡಬೇಡಿ, ಅದೂ ಅಪಾಯ. ವೈದ್ಯರು ಮೆಲ್ಲಮೆಲ್ಲನೆ ಇಳಿಸಬೇಕು. ಗಟ್ಟಿಯಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರ ರೋಗವೇ ಬೇರೆ, ಅದನ್ನೂ ತೋರಿಸಬೇಕು. ನಿದ್ರೆಯ ಜೊತೆ ಬದುಕಿನ ಆಸೆಯೂ ಹೋಗುತ್ತಿದ್ದರೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಧಾರವಾಡದ ಡಿಮ್ಹಾನ್ಸ್ ನಮಗೆ ದೂರವಾದರೂ ಹೋಗಿಬರಲಾಗದಷ್ಟು ದೂರವಲ್ಲ.

ತಲೆನೋವಿನ ಮಾತ್ರೆಗೂ ಲೆಕ್ಕವಿದೆ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಹಲವು ಔಷಧ ಬೆರೆಸಿದ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು ಹೀಗೆ ಮೂರು ತಿಂಗಳು ನುಂಗಿದರೆ ಆ ಮಾತ್ರೆಯೇ ತಲೆನೋವನ್ನು ಹುಟ್ಟಿಸತೊಡಗುತ್ತದೆ. ನೋವು ಆಗಾಗ ಬರುವವರಿಗೆ ಅದು ಬಾರದಂತೆ ತಡೆಯುವ ದಿನನಿತ್ಯದ ಔಷಧಗಳೇ ಬೇರೆ ಇವೆ. ನೋವು ಬಂದ ದಿನ, ತಾಸು, ಅಂದಿನ ಊಟ, ನಿದ್ರೆ, ನುಂಗಿದ ಮಾತ್ರೆ ಇಷ್ಟನ್ನು ಎರಡು ತಿಂಗಳು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು ವೈದ್ಯರಿಗೆ ತೋರಿಸಿ. ಆದರೆ ಸಿಡಿಲಿನಂತೆ ಒಮ್ಮೆಲೇ ಬಡಿದ ತಲೆನೋವು, ಜ್ವರದೊಂದಿಗೆ ಕತ್ತು ಬಿಗಿಯುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ತಲೆಗೆ ಪೆಟ್ಟಾದ ಮೇಲಿನ ನೋವು, ಗರ್ಭಿಣಿಗೆ ಕಣ್ಣು ಮಂಜಾಗಿ ಬರುವ ನೋವು ಇವಕ್ಕೆ ಒಂದು ತಾಸೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. 50 ದಾಟಿದ ಮೇಲೆ ಮೊದಲ ಬಾರಿಗೆ ಬಂದ ತಲೆನೋವನ್ನೂ ಬೇಗ ತೋರಿಸಬೇಕು.

ಇನ್ನು ಆರಾಧನೆಯ ಮಾತು. ತಿಕೋಟಾದ ಸಹೋದರಿಯೊಬ್ಬರು ನನ್ನ ಮನೆಯವರ ಮೂಲಕ ಕೇಳಿ ಕಳಿಸಿದ್ದರು. ರಾತ್ರಿ ಮೂರರವರೆಗೆ ಎಚ್ಚರವಿದ್ದು ಫಜ್ರ್ ತಪ್ಪಿಹೋಗುತ್ತದೆ, ನಾನು ಮುನಾಫಿಕಳೇ ಎಂದು. ಖೈಬರಿನಿಂದ ಮರಳುವಾಗ ಪ್ರವಾದಿವರ್ಯರು(ಸ) ಮತ್ತು ಸಹಾಬಿಗಳು ಮಲಗಿ, ಎಬ್ಬಿಸಲು ಕುಳಿತಿದ್ದ ಹ. ಬಿಲಾಲ್(ರ) ಕೂಡ ನಿದ್ರೆಹೋಗಿ, ಬಿಸಿಲು ತಾಗಿದ ಮೇಲೆ ಎಲ್ಲರಿಗೂ ಎಚ್ಚರವಾಯಿತು. ಆಮೇಲೆ ಸಾಮೂಹಿಕವಾಗಿ ಫಜ್ರ್ ನಿರ್ವಹಿಸಲಾಯಿತು (ಮುಸ್ಲಿಮ್). ನಿದ್ರೆಯಲ್ಲಿ ತಪ್ಪಿಹೋದುದು ಅಲಕ್ಷ್ಯವಲ್ಲ, ಎಚ್ಚರವಿದ್ದೂ ಹೊತ್ತು ಮೀರಿಸುವುದೇ ಅಲಕ್ಷ್ಯವೆಂದು ಅವರು ತಿಳಿಸಿದ್ದಾರೆ. ಅಲಾರಾಂ ಇಡಿ, ಮನೆಯವರಿಗೆ ಹೇಳಿಡಿ, ಆದರೂ ತಪ್ಪಿದರೆ ಎದ್ದೊಡನೆ ನಿರ್ವಹಿಸಿ. ಸಹೋದರಿ, ತಪ್ಪಿದ ಫಜ್ರ್‌ಗಾಗಿ ಅಳುವವರು ಮುನಾಫಿಕರಲ್ಲ.

ನೋವು ಕೆರಳಿದಾಗ ಸುಜೂದಿಗೆ ಬಾಗಿದರೆ ತಲೆ ಸಿಡಿಯುತ್ತದೆ. ಮೂಲವ್ಯಾಧಿಯಿದ್ದ ಹ. ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ, ನಿಂತು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಮಾಝ್ ಮಾಡಲು ಅನುಮತಿಯಿತ್ತು (ಬುಖಾರಿ). ಬಾಗಲಾಗದವರು ಸನ್ನೆಯಿಂದ ಮಾಡಬೇಕು, ರುಕೂವಿಗಿಂತ ಸುಜೂದಿನ ಸನ್ನೆ ಸ್ವಲ್ಪ ಕೆಳಗಿರಲಿ. ತರಾವೀಹ್ ಕಡ್ಡಾಯವಲ್ಲ, ಆದಷ್ಟನ್ನು ಮನೆಯಲ್ಲಿಯೇ ಮಾಡಬಹುದು.

ರಮಝಾನಿನ ಮೊದಲ ದಿನಗಳ ತಲೆನೋವಿಗೆ ಅರ್ಧ ಕಾರಣ ಚಹಾ. ದಿನಕ್ಕೆ ಆರು ಕಪ್ ಕುಡಿಯುವವರು ಶಾಬಾನಿನ ಕೊನೆಯ ಎರಡು ವಾರಗಳಲ್ಲಿ ಒಂದೊಂದೇ ಕಪ್ ಇಳಿಸುತ್ತ ಬರಲಿ. ಸಹರಿ ಬಿಡಬೇಡಿ, ದಿನದ ಮಾತ್ರೆಯ ಹೊತ್ತನ್ನು ವೈದ್ಯರನ್ನು ಕೇಳಿ ಇಫ್ತಾರ್-ಸಹರಿಗೆ ಹೊಂದಿಸಿಕೊಳ್ಳಿ. ತಾನಾಗಿ ಬಂದ ವಾಂತಿಯಿಂದ ಉಪವಾಸ ಮುರಿಯುವುದಿಲ್ಲ. ನೋವು ಸಹಿಸಲಾಗದೆ ಮಾತ್ರೆ ನುಂಗಬೇಕಾಗಿ ಬಂದರೆ ನುಂಗಿ, ಆ ದಿನವನ್ನು ಮುಂದೆ ಪೂರೈಸಿಕೊಳ್ಳಿ. ರೋಗಿಗೆ ಈ ರಿಯಾಯಿತಿಯನ್ನು ಅಲ್‌ಬಕರಃದಲ್ಲಿ ಸ್ವತಃ ಅಲ್ಲಾಹನೇ ಕೊಟ್ಟಿರುವಾಗ ಸೊಸೆಯ ಮುಂದೆ ಅದನ್ನು ಅತ್ತೆ ಕಸಿಯುವಂತಿಲ್ಲ.

ಆ ಬಬಲೇಶ್ವರದ ಹುಡುಗ ನಮ್ಮಲ್ಲಿ ಇನ್ನೂ ಎರಡು ವರ್ಷ ಕಲಿತನು. ಎಲ್ಲರೆದುರು ಗದರಿದ್ದಕ್ಕೆ ಎಲ್ಲರೆದುರೇ ಅವನ ಕ್ಷಮೆ ಕೇಳಿದೆ. ಕಿಟಕಿಯ ಬಳಿಯಿಂದ ಅವನ ಜಾಗ ಬದಲಾಯಿತು. ನೋವಿನ ಸುಳಿವು ಸಿಕ್ಕೊಡನೆ "ಶುರು ಆಗ್ಯಾದ್ರಿ ಹಜ್ರತ್" ಎನ್ನುತ್ತಿದ್ದನು. ಮಾತ್ರೆ ನುಂಗಿ ಗ್ರಂಥಾಲಯದ ಕತ್ತಲೆ ಮೂಲೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದನು. ಎರಡು ತಾಸಿಗೆ ಎದ್ದು, ವುಝೂ ಮಾಡಿ, ಹೊತ್ತು ಮೀರುವ ಮುನ್ನ ಝುಹರ್ ಮುಗಿಸಿ, ಬಿಟ್ಟಲ್ಲಿಂದ ಪಾಠ ಒಪ್ಪಿಸುತ್ತಿದ್ದನು.