ಚಿನ್ನದ ಕಸುಬು ಮತ್ತು ಇಂಗ್ಲಿಷ್ ನುಡಿಗಟ್ಟುಗಳು

ಇಂಗ್ಲಿಷ್ ವೃತ್ತಪತ್ರಿಕೆಯಲ್ಲಿ ‘ಆಸಿಡ್ ಟೆಸ್ಟ್’ ಎಂಬ ಮಾತನ್ನು ಕಂಡ ವಿದ್ಯಾರ್ಥಿಯೊಬ್ಬನು ಅದನ್ನು ‘ಆಮ್ಲಪರೀಕ್ಷೆ’ ಎಂದು ಕನ್ನಡಿಸಿದನು. ಪದಗಳೆಲ್ಲವೂ ಸರಿ, ಅರ್ಥ ಮಾತ್ರ ಕೈತಪ್ಪಿತು. ನುಡಿಗಟ್ಟಿನ ಅರ್ಥವು ಬಿಡಿ ಪದಗಳಲ್ಲಿರದೆ, ಅದು ಹುಟ್ಟಿದ ಕಸುಬಿನಲ್ಲಿ ಅಡಗಿರುವುದುಂಟು. ಇಲ್ಲಿನ ಕಸುಬು ಚಿನ್ನದ್ದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ವಿದ್ಯಾರ್ಥಿಗಳಿಗೆ ಅದು ದೂರದ ವಿಷಯವಲ್ಲ.

ಅಕ್ಕಸಾಲಿಗನು ಒಡವೆಯನ್ನು ಒರೆಗಲ್ಲಿನ ಮೇಲೆ ಉಜ್ಜಿ, ಮೂಡಿದ ಗೆರೆಗೆ ನೈಟ್ರಿಕ್ ಆಮ್ಲದ ತೊಟ್ಟನ್ನು ಸೋಕಿಸುತ್ತಾನೆ. ತಾಮ್ರ, ಹಿತ್ತಾಳೆಗಳ ಗೆರೆ ಕರಗಿ ಮಾಯವಾಗುತ್ತದೆ. ಒಳ್ಳೆಯ ಚಿನ್ನದ ಗೆರೆ ಉಳಿಯುತ್ತದೆ. ಆದುದರಿಂದ, ಯಾವುದೇ ವಸ್ತುವಿನ ಅಥವಾ ವ್ಯಕ್ತಿಯ ನಿಜವಾದ ಯೋಗ್ಯತೆಯನ್ನು ಸಂದೇಹಕ್ಕೆಡೆಯಿಲ್ಲದಂತೆ ತೋರಿಸುವ ಪರೀಕ್ಷೆಗೆ ‘ಆಸಿಡ್ ಟೆಸ್ಟ್’ ಎಂಬ ಹೆಸರು ಸಂದಿತು. ಹೊಸದಾಗಿ ಕಟ್ಟಿದ ಕೆರೆಯ ಏರಿಗೆ ಮೊದಲ ಜಡಿಮಳೆಯೇ ಆಸಿಡ್ ಟೆಸ್ಟ್. ನಾವು ‘ಒರೆಗೆ ಹಚ್ಚುವುದು’ ಎನ್ನುವುದೂ ಇದನ್ನೇ. ಆದರೆ ಒಡವೆಗೆ ಬರಿಯ ಲೇಪವಿದ್ದರೆ ಮೇಲ್ಮೈ ನಮ್ಮನ್ನು ವಂಚಿಸೀತು. ಅರದಿಂದ ಕೊಂಚ ಗೀರಿ ಒಳಗಿನ ಲೋಹವನ್ನೇ ಪರೀಕ್ಷಿಸಬೇಕು.

ಇನ್ನು ‘ಪ್ಯಾನ್ ಔಟ್’. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಕೋಲಾರದ ಸೀಮೆಗೆ ಬಂದಾಗ, ಅಲ್ಲಿನ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುತ್ತಿದ್ದರು. ಚಿನ್ನದ ಸಾಪೇಕ್ಷ ಸಾಂದ್ರತೆ 19.3, ಬೆಣಚುಕಲ್ಲಿನ ಮರಳಿನದು ಸುಮಾರು 2.65. ನೀರಿನಲ್ಲಿ ಕುಲುಕಿದರೆ ಹಗುರವಾದ ಮರಳು ಕೊಚ್ಚಿಹೋಗಿ, ಭಾರವಾದ ಚಿನ್ನ ತಳದಲ್ಲಿ ನಿಲ್ಲುತ್ತದೆ. ಅಮೆರಿಕದ ಚಿನ್ನಾರ್ಥಿಗಳು ಈ ಕೆಲಸವನ್ನು ‘ಪ್ಯಾನ್’ ಎಂಬ ಅಗಲವಾದ ಬೋಗುಣಿಯಲ್ಲಿ ಮಾಡಿದರು. ಪ್ರಯತ್ನವು ಕೊನೆಗೆ ಹೇಗೆ ಕೈಗೂಡಿತೆಂಬುದನ್ನು ತಿಳಿಸಲು ಈ ಮಾತು ಬಳಕೆಗೆ ಬಂದಿತು. ಇದು ಆಡುಮಾತು, ಗೆಳೆಯನ ಕಾಗದಕ್ಕೆ ಒಪ್ಪುತ್ತದೆ, ಕೆಲಸದ ಅರ್ಜಿಗೆ ಒಪ್ಪದು.

ಹಾಗಾದರೆ ‘ಫ್ಲ್ಯಾಷ್ ಇನ್ ದ ಪ್ಯಾನ್’ ಎಂಬುದೂ ಬೋಗುಣಿಯಲ್ಲಿ ಮಿನುಗಿದ ಚಿನ್ನವೇ? ಅಲ್ಲ. ಹಳೆಯ ಚಕಮಕಿ ಕೋವಿಯಲ್ಲಿ ಕಿವಿಮದ್ದನ್ನಿಡುವ ಪುಟ್ಟ ಬಟ್ಟಲಿಗೂ ‘ಪ್ಯಾನ್’ ಎಂದೇ ಹೆಸರು. ಅಲ್ಲಿನ ಮದ್ದು ಭಗ್ಗೆಂದು ಉರಿದರೂ ಬೆಂಕಿಯು ನಳಿಗೆಯೊಳಗಿನ ಮದ್ದನ್ನು ಮುಟ್ಟದಿದ್ದರೆ ಗುಂಡು ಹಾರದು. ಒಮ್ಮೆ ಮಿಂಚಿ ಮುಂದೆ ಸಾಗದ ಯಶಸ್ಸಿಗೆ ಈ ಮಾತು ಸಲ್ಲುತ್ತದೆ. ಒಂದೇ ಪದವೆಂದು ಒಂದೇ ಮೂಲವನ್ನು ಊಹಿಸಿದರೆ ಮೋಸಹೋಗುತ್ತೇವೆ.

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಚಿನ್ನದ ಕಸುಬಿನ ಮಾತುಗಳು ಇನ್ನೂ ಚಲಾವಣೆಯಲ್ಲಿವೆ. ಅಪರಿಚಿತ ನುಡಿಗಟ್ಟು ಎದುರಾದಾಗ, ನಿಘಂಟಿನಲ್ಲಿ ಅರ್ಥವನ್ನು ನೋಡುವುದರ ಜೊತೆಗೆ ಅದು ಯಾವ ಕಸುಬಿನದೆಂದೂ ವಿಚಾರಿಸೋಣ. ಮೂಲವನ್ನರಿತ ಮಾತು ಬೇಗನೆ ಮರೆಯದು. ತಪ್ಪು ಸ್ಥಳದಲ್ಲಿ ಬೀಳುವುದೂ ಇಲ್ಲ.