ಒಂದು ಹನಿ ಬೆಸುಗೆಯ ಲೆಕ್ಕ



ಸೋಲಾಪುರದಲ್ಲಾಗಲಿ ಅಕ್ಕಲಕೋಟೆಯಲ್ಲಾಗಲಿ ರೇಡಿಯೋ, ಟಿ.ವಿ., ಮೊಬೈಲು ದುರಸ್ತಿಯ ಅಂಗಡಿಯ ಮುಂದೆ ನೀವು ನಿಂತು ನೋಡಿರಬಹುದು. ಕಾದ ಕಡ್ಡಿಯ ತುದಿಗೆ ಬೆಳ್ಳನೆಯ ತಂತಿ ತಾಗಿದೊಡನೆ ಕರಗಿ ಹನಿಯಾಗುತ್ತದೆ; ಆರಿದೊಡನೆ ಎರಡು ತುದಿಗಳು ಒಂದಾಗುತ್ತವೆ. ಇದೇ ಬೆಸುಗೆ. ಸ್ನೇಹಕ್ಕೂ ನಾವು ಇದೇ ಮಾತನ್ನು ಬಳಸುತ್ತೇವೆ. ಆದರೆ ಈ ಹನಿಯಲ್ಲಿ ವಿಷವೂ ಇರಬಹುದು.

ಹಳೆಯ ಪದ್ಧತಿಯ ಬೆಸುಗೆಯಲ್ಲಿ 100 ಭಾಗಕ್ಕೆ 63 ಭಾಗ ತವರ, 37 ಭಾಗ ಸೀಸ. ಇದು 183 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುವುದರಿಂದ ಕೆಲಸ ಸುಲಭ. ಸೀಸವಾದರೋ ದೇಹವನ್ನು ಸೇರಿದರೆ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂದಿಸುತ್ತದೆ. ಆದ್ದರಿಂದ ಯುರೋಪಿನ ಒಕ್ಕೂಟವು 2006ರ ಜುಲೈ 1ರಿಂದ ವಿದ್ಯುನ್ಮಾನ ಉಪಕರಣಗಳಲ್ಲಿ ಇಂಥ ವಸ್ತುಗಳಿಗೆ ಮಿತಿ ಹಾಕಿತು. ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳಲ್ಲಿಯೂ ಈ ಮಿತಿ ಇದೆ. ಈಗಿನ ನಿಯಮಗಳು 2022ರಲ್ಲಿ ರಚಿತವಾಗಿ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ.

ಮಿತಿ ಹೀಗಿದೆ: ಸೀಸ, ಪಾದರಸ, ಹೆಕ್ಸಾವೇಲೆಂಟ್ ಕ್ರೋಮಿಯಂ ಮತ್ತು ಪ್ಲಾಸ್ಟಿಕ್ಕಿಗೆ ಬೇಗನೆ ಬೆಂಕಿ ಹತ್ತದಂತೆ ಬೆರೆಸುತ್ತಿದ್ದ ಬ್ರೋಮಿನ್‌ಯುಕ್ತ ಎರಡು ವರ್ಗದ ರಾಸಾಯನಿಕಗಳು ತೂಕದಲ್ಲಿ ತಲಾ ಶೇಕಡಾ 0.1 ಮೀರಬಾರದು, ಕ್ಯಾಡ್ಮಿಯಂ ಶೇಕಡಾ 0.01 ಮೀರಬಾರದು.

ಈಗೊಂದು ಲೆಕ್ಕ ಮಾಡೋಣ. ರೇಡಿಯೋದ ತೂಕ 1000 ಗ್ರಾಂ. ಅದರಲ್ಲಿ ಹಳೆಯ ಬೆಸುಗೆ 2 ಗ್ರಾಂ. ಹಾಗಾದರೆ ಸೀಸ 0.74 ಗ್ರಾಂ, ಅಂದರೆ ಇಡೀ ರೇಡಿಯೋದ ಶೇಕಡಾ 0.074. "ಪಾಸಾಯಿತು, ಸರ್!" ಎನ್ನುವಿರಿ. ಇಲ್ಲ, ನಪಾಸು! ಒಟ್ಟು ಅಂಕ ಎಷ್ಟಿದ್ದರೂ ಪ್ರತಿಯೊಂದು ವಿಷಯದಲ್ಲಿಯೂ ಪಾಸಾಗಬೇಕಲ್ಲವೇ? ಇಲ್ಲಿಯೂ ಹಾಗೆಯೇ. ಕಿತ್ತು, ಕೆರೆದು, ಕತ್ತರಿಸಿ ಬೇರ್ಪಡಿಸಲಾಗದ ಒಂದೊಂದು ಪದಾರ್ಥವನ್ನೂ ಪ್ರತ್ಯೇಕವಾಗಿ ಅಳೆಯಬೇಕು. ತಂತಿಯ ತಾಮ್ರ ಬೇರೆ, ಅದರ ಮೇಲಿನ ಪ್ಲಾಸ್ಟಿಕ್ ಬೇರೆ, ಬೆಸುಗೆಯ ಹನಿ ಬೇರೆ. ಆ ಹನಿಯಲ್ಲಿ ಸೀಸ ಶೇಕಡಾ 37!

ಆದುದರಿಂದ ತಯಾರಕರು ತವರ, ಬೆಳ್ಳಿ, ತಾಮ್ರಗಳ ಬೆಸುಗೆಗೆ ತಿರುಗಿದರು. ಇದು ಕರಗಲು ಸುಮಾರು 217 ಡಿಗ್ರಿ ಬೇಕು. ಬಿಡಿಭಾಗ ಒದಗಿಸುವ ಪ್ರತಿಯೊಬ್ಬರಿಂದ ಲಿಖಿತ ಹೇಳಿಕೆ ಪಡೆಯುವುದು, ಸಂಶಯ ಬಂದರೆ ಎಕ್ಸ್-ರೇ ಯಂತ್ರದಿಂದ ಪರೀಕ್ಷಿಸುವುದು, ಹಳೆಯ ಬೆಸುಗೆ ಹೊಸದರೊಡನೆ ಬೆರೆಯದಂತೆ ಕಾಯುವುದು ಇವೆಲ್ಲ ಅವರ ಕೆಲಸ. ಅನಿವಾರ್ಯವಾದ ಕೆಲವು ಉಪಯೋಗಗಳಿಗೆ ಮಾತ್ರ ವಿನಾಯಿತಿ ಉಂಟು.

ನಿಯಮವು ಹೊಸ ಉಪಕರಣಗಳನ್ನು ಕಾಯುತ್ತದೆ. ದುರಸ್ತಿಗೆ ಬರುವ ಹಳೆಯ ಪೆಟ್ಟಿಗೆಗಳಲ್ಲಿ ಹಳೆಯ ಬೆಸುಗೆಯೇ ಇದ್ದೀತು. ಕಳೆದ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಂಗಡಿಗೆ ಹೋಗಿದ್ದೆ. ಎರಡೂ ಕೈಗೆ ಕೆಲಸವಿದ್ದುದರಿಂದ ಅವನು ಬೆಸುಗೆ ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ. ಅದೇ ಕೈಯಿಂದ ರೊಟ್ಟಿಯ ಬುತ್ತಿಯನ್ನೂ ಬಿಚ್ಚಿದ. "ಕೈ ತೊಳಕೋ ತಮ್ಮಾ" ಎಂದೆ. "ಇಷ್ಟಕ್ಕೆ ಏನಾಗತದ್ರಿ ಸರ್?" ಎಂದು ನಕ್ಕ. ಅವನಿಗೆ ಅಂದು ಹೇಳಿದ ಲೆಕ್ಕವನ್ನೇ ಇಲ್ಲಿ ಬರೆದಿದ್ದೇನೆ.

ನಿಮ್ಮ ಮನೆಯಲ್ಲಿ ಅಣ್ಣನೋ ಕಾಕಾನೋ ಈ ಕೆಲಸ ಮಾಡುತ್ತಿದ್ದರೆ ಮೂರು ಮಾತು ಹೇಳಿರಿ: ತಂತಿಯನ್ನು ಬಾಯಿಗಿಡಬೇಡಿ, ಉಣ್ಣುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ, ತಾಮ್ರದಾಸೆಗೆ ವೈರು ಸುಡಬೇಡಿ. ಹನಿ ಚಿಕ್ಕದೆಂದು ಅದರ ಲೆಕ್ಕ ಬಿಡಬಾರದು.