ಹವಳದ ತೊಟ್ಟಿಯ ನೀರಿನಲ್ಲಿ ಆಹಾರಾಂಶಗಳ ಮಿತಿ

ಗಾಜಿನ ತೊಟ್ಟಿಯಲ್ಲಿ ಉಪ್ಪುನೀರನ್ನು ತುಂಬಿ ಅದರೊಳಗೆ ಜೀವಂತವಾದ ಹವಳಗಳನ್ನು ಸಾಕುವ ಪದ್ಧತಿಯು ಅನೇಕ ದೇಶಗಳ ಮನೆಗಳಲ್ಲಿ ಬಳಕೆಯಲ್ಲಿದೆ. ನೀರು ಎಷ್ಟು ನಿರ್ಮಲವೋ ಹವಳಕ್ಕೆ ಅಷ್ಟು ಹಿತವೆಂದು ಹೀಗೆ ಸಾಕುವವರಲ್ಲಿ ಹಲವರು ಭಾವಿಸುವುದುಂಟು. ಈ ಅಭಿಪ್ರಾಯವು ಅರ್ಧ ಮಾತ್ರ ಸತ್ಯವಾದುದು. ಕೊಳೆ ತುಂಬಿದ ನೀರಿನಲ್ಲಿ ಹವಳವು ಸೊರಗುವಂತೆಯೇ ಆಹಾರಾಂಶವು ಪೂರ್ತಿಯಾಗಿ ಬತ್ತಿದ ನೀರಿನಲ್ಲಿಯೂ ಅದು ಸೊರಗಿ ಸಾಯುವುದು. ಇದರ ಕಾರಣವೇನೆಂಬುದನ್ನು ನಾವು ಕ್ರಮವಾಗಿ ವಿಚಾರಿಸೋಣ.

ಮೊದಲು ಹವಳವೆಂದರೇನೆಂದು ತಿಳಿಯತಕ್ಕದ್ದು. ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿ. ಹೂವಿನಂತೆ ಬಾಯಿಯ ಸುತ್ತಲೂ ಎಸಳುಗಳುಳ್ಳ ಸಾವಿರಾರು ಪುಟ್ಟ ಜೀವಿಗಳು ಒಟ್ಟಾಗಿ ಬಾಳಿ, ನೀರಿನಲ್ಲಿರುವ ಸುಣ್ಣದ ಅಂಶವನ್ನು ಹೀರಿ, ತಮ್ಮ ಕೆಳಗೆ ಗಟ್ಟಿಯಾದ ಗೂಡನ್ನು ಕಟ್ಟಿಕೊಳ್ಳುತ್ತವೆ. ನಮ್ಮ ಹೆಂಗಸರು ಸರದಲ್ಲಿ ಪೋಣಿಸುವ ಕೆಂಪು ಹವಳವು ಬೇರೆ ಜಾತಿಯದು. ದಿಬ್ಬಗಳನ್ನು ಕಟ್ಟುವ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾದ ಪಾಚಿಗಳು ವಾಸಿಸುತ್ತವೆ. ಇವು ಬಿಸಿಲಿನ ಬಲದಿಂದ ಸಕ್ಕರೆಯನ್ನು ತಯಾರಿಸಿ ಅದರ ಬಹುಭಾಗವನ್ನು ಮನೆಯೊಡತಿಯಾದ ಪ್ರಾಣಿಗೆ ಕೊಡುತ್ತವೆ. ಪ್ರಾಣಿಯು ವಿಸರ್ಜಿಸುವ ಸಾರಜನಕ, ರಂಜಕ ಮುಂತಾದವು ಪಾಚಿಗೆ ಗೊಬ್ಬರವಾಗುತ್ತವೆ. ಒಬ್ಬರ ಕಸವು ಇನ್ನೊಬ್ಬರ ಊಟವಾಗುವ ಈ ಮಿತವ್ಯಯದ ಸಂಸಾರದಿಂದಲೇ, ಆಹಾರಾಂಶವು ಅತ್ಯಲ್ಪವಾದ ಉಷ್ಣವಲಯದ ಸಮುದ್ರದಲ್ಲಿಯೂ ಹವಳದ ದಿಬ್ಬಗಳು ಸಮೃದ್ಧವಾಗಿ ಬೆಳೆಯುತ್ತವೆ.

ಇನ್ನು ತೊಟ್ಟಿಯ ವಿಷಯ. ಮೀನುಗಳಿಗೆ ಹಾಕಿದ ಆಹಾರವೂ ಅವುಗಳ ಮಲವೂ ಕೊಳೆತು ಅಮೋನಿಯವಾಗುತ್ತದೆ. ಇದು ಮೀನಿಗೆ ವಿಷ. ಕಲ್ಲುಮರಳುಗಳಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟಾಗಿಯೂ ಅನಂತರ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಕಲ್ಲಿನ ಒಳರಂಧ್ರಗಳಲ್ಲಿ ಆಮ್ಲಜನಕವು ಕಡಿಮೆಯಾದ ಕಡೆ ಬೇರೆ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಸಾರಜನಕ ವಾಯುವಾಗಿ ಮಾಡಿ ಹೊರಗೆ ಬಿಡುತ್ತವೆ. ಆದರೆ ಆಹಾರದಿಂದಲೇ ಬರುವ ಫಾಸ್ಫೇಟಿಗೆ ಹೀಗೆ ಗಾಳಿಯಾಗಿ ಹಾರಿಹೋಗುವ ದಾರಿಯಿಲ್ಲ. ಅದು ಕಲ್ಲಿಗೆ ಅಂಟಿಕೊಂಡಿದ್ದು, ನೀರಿನಲ್ಲಿ ಕಡಿಮೆಯಾದಾಗ ಮತ್ತೆ ಹೊರಬರುವುದು.

ಇವೆರಡೂ ಮಿತಿಮೀರಿದರೆ ಏನಾಗುವುದು? ಹೊರಗಿನ ಪಾಚಿಯು ಕೊಬ್ಬಿ ಹವಳವನ್ನು ಮುಚ್ಚುವುದು. ಹವಳದ ಒಳಗಿನ ಪಾಚಿಯೂ ವಿಪರೀತವಾಗಿ ಹೆಚ್ಚಿ, ಅದರ ಬಣ್ಣವು ಮಾಸಿ ಕಂದಾಗುವುದು. ಹೆಚ್ಚಾದ ಫಾಸ್ಫೇಟು ಸುಣ್ಣದ ಗೂಡು ಕಟ್ಟುವ ಕೆಲಸಕ್ಕೂ ಅಡ್ಡಿಮಾಡುವುದು. ಹವಾಯಿ ದ್ವೀಪಸಮೂಹದ ಕಾನಿಯೋಹೆ ಕೊಲ್ಲಿಯಲ್ಲಿ ಇದೇ ಸಂಗತಿಯು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಊರಿನ ಚರಂಡಿಯ ನೀರು ಅಲ್ಲಿಗೆ ಹರಿಯುತ್ತಿದ್ದಾಗ ಹಸುರು ಪಾಚಿಯು ಹವಳಗಳ ಮೇಲೆ ಹಬ್ಬಿತು. 1977-78ರಲ್ಲಿ ಆ ನೀರನ್ನು ಬೇರೆ ಕಡೆಗೆ ತಿರುಗಿಸಲಾಗಿ, ಮುಂದಿನ ವರ್ಷಗಳಲ್ಲಿ ಹವಳಗಳು ಚೇತರಿಸಿಕೊಂಡವು.

ಆದರೆ ಈ ಭಯದಿಂದ ಬಲವಾದ ಶೋಧಕಗಳನ್ನಿಟ್ಟು ಎರಡನ್ನೂ ಸೊನ್ನೆಗಿಳಿಸಿದರೆ ಒಳಗಿನ ಪಾಚಿಯು ಹಸಿವಿನಿಂದ ಕ್ಷೀಣಿಸಿ ಹವಳವು ಬಿಳಿಚಿಕೊಳ್ಳುವುದು. ಒಂದು ಹೆಚ್ಚಾಗಿ ಇನ್ನೊಂದು ಇಲ್ಲದಿರುವುದೂ ಅಪಾಯವೇ. ನೈಟ್ರೇಟು ಹೆಚ್ಚಿದ್ದು ಫಾಸ್ಫೇಟು ಸಾಲದೆ ಹೋದರೆ, ಹವಳಗಳು ಬಿಸಿಗೂ ತೀಕ್ಷ್ಣವಾದ ಬೆಳಕಿಗೂ ಬೇಗನೆ ಬಿಳಿಚುತ್ತವೆಂದು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ವೀಡನ್‌ಮನ್ ಮತ್ತು ಅವರ ಸಂಗಡಿಗರು 2013ರಲ್ಲಿ ಪ್ರಕಟವಾದ ಲೇಖನದಲ್ಲಿ ತೋರಿಸಿದರು. ಕೊಟ್ಟಿಗೆಯ ಗೊಬ್ಬರವೊಂದನ್ನೇ ಸುರಿದು ನೀರು ಹಾಯಿಸದ ಹೊಲದಂತೆ ಇದೂ ಕೇಡಿಗೇ ಸರಿ.

ಸಮುದ್ರದ ದಿಬ್ಬದಲ್ಲಿ ಆಹಾರಾಂಶವು ಇನ್ನೂ ಕಡಿಮೆಯಲ್ಲವೇ ಎಂದು ಕೇಳಬಹುದು. ನಿಜ, ಆದರೆ ಅಲ್ಲಿ ಅಲೆಯು ಹಗಲಿರುಳೂ ಹೊಸ ನೀರನ್ನೂ ಸೂಕ್ಷ್ಮಜೀವಿಗಳ ಆಹಾರವನ್ನೂ ಹೊತ್ತು ತರುತ್ತದೆ. ತೊಟ್ಟಿಯಲ್ಲಿ ಆ ಒದಗಣೆಯಿಲ್ಲ. ಆದಕಾರಣ ಅನುಭವಿಗಳು ಒಂದು ಲೀಟರ್ ನೀರಿಗೆ ನೈಟ್ರೇಟು ಸುಮಾರು 2ರಿಂದ 10 ಮಿಲಿಗ್ರಾಂ, ಫಾಸ್ಫೇಟು ಸುಮಾರು 0.03ರಿಂದ 0.1 ಮಿಲಿಗ್ರಾಂ ಇರಿಸಿಕೊಳ್ಳುತ್ತಾರೆ.

ಇದನ್ನು ಕಾಪಾಡುವ ನಿಯಮಗಳು ಹೀಗಿವೆ. ವಾರಕ್ಕೊಮ್ಮೆ ನೀರನ್ನು ಪರೀಕ್ಷಿಸಿ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಅಂಶವು ಹೆಚ್ಚಾದರೆ ಮೀನಿನ ಆಹಾರವನ್ನು ತಗ್ಗಿಸಿ, ಹತ್ತರಲ್ಲೊಂದು ಪಾಲು ನೀರನ್ನು ಬದಲಾಯಿಸಬೇಕು. ಕಡಿಮೆಯಾದರೆ ಶೋಧಕವನ್ನು ಸಡಿಲಿಸಿ ಆಹಾರವನ್ನು ಸ್ವಲ್ಪ ಹೆಚ್ಚಿಸಬೇಕು. ಆವಿಯಾಗಿ ಹೋದ ನೀರಿಗೆ ಬದಲಾಗಿ ಶುದ್ಧೀಕರಿಸಿದ ಸಿಹಿನೀರನ್ನೇ ಸೇರಿಸಬೇಕು. ಕೊಳಾಯಿಯ ನೀರಿನಲ್ಲಿಯೇ ಈ ಅಂಶಗಳಿರಬಹುದು. ಎಲ್ಲಕ್ಕಿಂತ ಮುಖ್ಯವಾದುದೇನೆಂದರೆ, ಯಾವ ಬದಲಾವಣೆಯನ್ನೂ ಒಮ್ಮೆಗೇ ಮಾಡಕೂಡದು. ಹೆಚ್ಚಿನ ಮಟ್ಟಕ್ಕೆ ಒಗ್ಗಿದ ಹವಳವು, ಆ ಮಟ್ಟವು ಒಂದೇ ದಿನದಲ್ಲಿ ಕುಸಿದರೆ ತಾಳಲಾರದು.

ಕಡೆಯದಾಗಿ ಒಂದು ಮಾತು. ನಮ್ಮ ಕರಾವಳಿಯ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಜೀವಂತ ಹವಳಗಳಿವೆ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆಯ ಮೊದಲನೆಯ ಪಟ್ಟಿಗೆ ಸೇರಿಸಲಾಯಿತು. ಅವನ್ನು ಕಿತ್ತು ತರುವುದು ಅಪರಾಧ. ಆದುದರಿಂದ ತೊಟ್ಟಿಯ ಪಾಠವನ್ನು ನಾವು ಸಮುದ್ರಕ್ಕೆ ಅನ್ವಯಿಸಿಕೊಳ್ಳತಕ್ಕದ್ದು. ತೊಟ್ಟಿಯ ಒಡತಿಯು ನೀರನ್ನು ಬದಲಾಯಿಸಬಲ್ಲಳು. ಸಮುದ್ರದ ನೀರನ್ನು ಬದಲಾಯಿಸಬಲ್ಲವರು ಯಾರೂ ಇಲ್ಲ. ನಮ್ಮ ಹೊಲದ ಗೊಬ್ಬರವೂ ಬಚ್ಚಲಿನ ನೀರೂ ಹಳ್ಳಹೊಳೆಗಳ ಮೂಲಕ ಎಲ್ಲಿಗೆ ಸೇರುತ್ತವೆಂಬುದನ್ನು ವಿದ್ಯಾರ್ಥಿನಿಯರು ಯೋಚಿಸಲಿ.